ಹಿಡಿದು ಬಿಡುವವರು

ಅಮ್ಮನ ಬಾಯಿಯ ಮೇಲೇ ನಾಗವೇಣಿಯ ಕಣ್ಣಿತ್ತು. ದೋಣಿ ಮುಂದೆ ಹೋಗಿ ದಡ ಸಣ್ಣದಾದಷ್ಟೂ ಆ ಬಾಯಿ ದೊಡ್ಡದಾಗುತ್ತಿತ್ತು. ಅಡಿಲೇಡ್‌ಗೆ ಬಂದ ಮೇಲೆ ಎಲೆಯಡಿಕೆ ಬಿಡಿಸಿದ್ದರೂ ಕೆಂಪು ಮಾಸದ ತುಟಿ, ಮುಂದಿನ ಎರಡು ಹಲ್ಲುಗಳ ನಡುವೆ ಸಂದು. ಆ ಸಂದಿನಿಂದ ಒಂದು ಮಾತು ಜಾರಿಬಿದ್ದರೆ ಮುಗಿಯಿತು. ಮೀನು ನೋಡಿ 'ಇದ್ರಲ್ಲಿ ಮುಳ್ಳು ಕಮ್ಮಿ' ಅಂದರೂ ಸಾಕು. ಎದುರಿನ ಸೀಟಿನಲ್ಲಿ ರಮಾಕಾಂತ್ ಕೂತಿದ್ದ, ಆಫೀಸಿನಲ್ಲಿ ಅವಳ ಮ್ಯಾನೇಜರು, ಕನ್ನಡ ಸಂಘದಲ್ಲಿ ಎಲ್ಲರಿಗೂ ಅಣ್ಣ. ಪಕ್ಕದಲ್ಲಿ ಹೆಂಡತಿ ಜಯಲಕ್ಷ್ಮಿ, ಮಡಿಲಲ್ಲಿ ಚಕ್ಕುಲಿ ಡಬ್ಬ. ಅವರಿಬ್ಬರ ಪಾಲಿಗೆ ನಾಗವೇಣಿ ಹುಟ್ಟಾ ಸಸ್ಯಾಹಾರಿ, ಅವಳ ತಾಯಿ ಕಸ್ತೂರಮ್ಮ ಮೈಸೂರಿನ ಯಾವುದೋ ಮರ್ಯಾದಸ್ಥ ಮನೆಯ ಯಜಮಾನಿ. ಆ ಕಸ್ತೂರಮ್ಮ ಹರೆಯದಿಂದ ಮಂಡಿ ಸವೆಯುವವರೆಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಬೀದಿ ಸುತ್ತಿದವಳೆಂದು ಈ ದೋಣಿಯಲ್ಲಿ ತಾಯಿ ಮಗಳಿಗೆ ಮಾತ್ರ ಗೊತ್ತು. ಅಂಚಿನ ಕಂಬಿ ಹಿಡಿದು ನೀರು ನೋಡುತ್ತಿದ್ದ ನಾಗವೇಣಿಯ ಮಗಳು ಕವನಾಗೂ ಗೊತ್ತಿಲ್ಲ. ಈ ಒಂದು ಬೆಳಗ್ಗೆ ಅಮ್ಮ ಬಾಯಿ ಬಿಡದಿದ್ದರೆ ಸಾಕು, ಆಮೇಲೆ ರಾಜ್ಯದ ಗಡಿ ದಾಟಿ ಮನೆ ಸೇರಿಬಿಟ್ಟರೆ ಸಾಕು ಎಂದು ನಾಗವೇಣಿ ಹಲ್ಲು ಕಚ್ಚಿಕೊಂಡಿದ್ದಳು.

ಬರಬಾರದಿತ್ತು. ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಎಲ್ಲರೂ ಎಲ್ಲಿಗಾದರೂ ಹೋಗಲೇಬೇಕೆಂಬ ಅಡಿಲೇಡಿನ ಕಾಯಿದೆಗೆ ತಲೆಬಾಗಿ, ಒಂದು ಹಗಲು ಪೂರ್ತಿ ಕಾರು ಓಡಿಸಿಕೊಂಡು ವಿಕ್ಟೋರಿಯಾದ ಈ ಸರೋವರಕ್ಕೆ ಬಂದಿದ್ದರು. 'ಬರೀ ಬೋಟ್ ರೈಡ್ ಕಣೇ, ಆಂಟಿಗೂ ಚೇಂಜ್ ಆಗತ್ತೆ' ಅಂದಿದ್ದಳು ಜಯಲಕ್ಷ್ಮಿ. ಗಾಳಗಳ ವಿಷಯ ಅವಳು ಹೇಳಿದ್ದು ಹೆದ್ದಾರಿಯ ಸರ್ವೋದಲ್ಲಿ, ಅಂದರೆ ಬಂಕಿನಲ್ಲಿ, ಪೆಟ್ರೋಲು ತುಂಬಿಸುವಾಗ. ಸತ್ತ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು ಇದು, ಎಷ್ಟು ಆಳವೆಂದರೆ ಬಣ್ಣವೇ ಇಲ್ಲ. ದೋಣಿಯ ಹಿಂಭಾಗದಲ್ಲಿ ನಾಲ್ಕು ಕೋಲುಗಳು ನೆಟ್ಟಗೆ ನಿಂತು, ದಾರಗಳನ್ನು ನೀರಿನಾಳಕ್ಕೆ ಇಳಿಬಿಟ್ಟುಕೊಂಡು ಜೊತೆಯಲ್ಲೇ ತೇಲಿ ಬರುತ್ತಿದ್ದವು. ಯಾವ ಕೋಲಾದರೂ ಬಾಗಲಿ, ಸರದಿ ಯಾರದೋ ಅವರು ಎದ್ದು ಅದನ್ನು ಹಿಡಿಯಬೇಕು. ಅದು ದೋಣಿಯವನ ನಿಯಮ. ದೋಣಿಯವನು ಪಾಸ್ಕಲ್, ಮಂಗಳೂರಿನ ಕ್ರೈಸ್ತ, ಕುವೈತಿನ ಬಂದರಿನಲ್ಲಿ ದುಡಿದು ಇಲ್ಲಿಗೆ ಬಂದು ದೋಣಿ ಕೊಂಡವನು. 'ನಮ್ಮೋರೇ ಒಬ್ರು ಟ್ರೌಟು, ಸಾಲ್ಮನ್ ಮೀನು ಹಿಡಿಸ್ತಾರಂತೆ' ಎಂದು ರಮಾಕಾಂತ್ ಎಲ್ಲಿಂದಲೋ ಪತ್ತೆ ಹಚ್ಚಿದ್ದ. ನಮ್ಮೋರು ಕೇಳುವ ಪ್ರಶ್ನೆಗಳನ್ನು ಬೇರೆಯವರು ಕೇಳುವುದಿಲ್ಲ.

ಕೇಳಿದ್ದು ಒಂದೇ ಪ್ರಶ್ನೆ. ಅಡಿಲೇಡಿಗೆ ಬಂದ ಹೊಸತು, ಯಾರೂ ಗೊತ್ತಿಲ್ಲದ ಊರು, ಜಯಲಕ್ಷ್ಮಿಯ ಮನೆಯ ಊಟದ ಮೇಜು. 'ನೀವು ವೆಜ್ ತಾನೆ?' ಎಂದು ಅವಳು ಹುಳಿ ಬಡಿಸುತ್ತಾ ಕೇಳಿದಳು. ಆ 'ತಾನೆ'ಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ನಾಗವೇಣಿ ತಲೆಯಾಡಿಸಿಬಿಟ್ಟಳು. ಅಷ್ಟೇ. ಸುಳ್ಳು ಹೇಳಿದ್ದೂ ಅಲ್ಲ, ಕತ್ತು ಆಡಿಸಿದ್ದು. ಆ ಕತ್ತಿಗೆ ಆಮೇಲೆ ಒಂದೊಂದಾಗಿ ಎಲ್ಲವೂ ಬಂದು ಕೂತವು: ವರಮಹಾಲಕ್ಷ್ಮಿಯ ತಾಂಬೂಲ, ಗೌರಿ ಹಬ್ಬದ ಅಡುಗೆಯಲ್ಲಿ ಸಹಾಯ, 'ನಾಗವೇಣಿ ಕೈಯಲ್ಲಿ ಕೋಸಂಬರಿ ತಿನ್ಬೇಕು' ಎಂಬ ಹೊಗಳಿಕೆ. ಗಂಡ ದಿನೇಶ ಗಣಿಯ ಕೆಲಸಕ್ಕೆ ಮರುಭೂಮಿಗೆ ವಿಮಾನ ಹತ್ತುವ ಮುಂಚೆ ನಕ್ಕಿದ್ದ, 'ನಿನ್ ನಾಟಕ ನೀನೇ ಆಡ್ಕೊ, ನಂಗೆ ಪಾರ್ಟ್ ಕೊಡಬೇಡ.' ಮನೆಯಲ್ಲಿ ಮೀನು ಬೇಯುವ ದಿನ ಕಿಟಕಿಗಳು ಮುಚ್ಚುತ್ತಿದ್ದವು, ಅಗರಬತ್ತಿ ಉರಿಯುತ್ತಿತ್ತು. ಬಾಗಿಲ ಗಂಟೆ ಬಾರಿಸಿದರೆ ಎದೆ ಬಾಣಲೆಯ ಎಣ್ಣೆಗಿಂತ ಜೋರಾಗಿ ಸಿಡಿಯುತ್ತಿತ್ತು. ಕಳ್ಳತನ ಮಾಡಿದವರಿಗೂ ಇಷ್ಟು ಹೆದರಿಕೆ ಇರುವುದಿಲ್ಲ. ಕದ್ದದ್ದಾದರೂ ಏನು? ತನ್ನ ಮನೆಯ ಸಾರನ್ನು.

ಅಮ್ಮ ವಿಮಾನ ಇಳಿದ ದಿನ, ಕಾರಿನಲ್ಲೇ, ಸಿಗ್ನಲ್ಲು ಕೆಂಪಾಗಿದ್ದಾಗ, ನಾಗವೇಣಿ ಮುಖ ನೋಡದೆ ಹೇಳಿದ್ದಳು. 'ಅಮ್ಮಾ, ಇಲ್ಲಿ ನಮ್ ಕಡೆಯೋರು ಸಿಕ್ತಾರೆ. ಏನ್ ಮಾಡ್ತಿದ್ರಿ ಅಂತ ಕೇಳಿದ್ರೆ...' ಮಾತು ಮುಗಿಸಲು ಅಮ್ಮ ಬಿಡಲಿಲ್ಲ. 'ಏನ್ ಹೇಳ್ಬೇಕು ಅಂತ ಹೇಳ್ಕೊಡವ್ವ. ಹಂಗೇ ಹೇಳ್ತೀನಿ.' ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನಾಗವೇಣಿಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಶಾಲೆಯ ಬೆಂಚು ನೆನಪಾಯಿತು. ಪಕ್ಕದ ಹುಡುಗಿ ಕರವಸ್ತ್ರ ಮೂಗಿಗಿಟ್ಟುಕೊಂಡು ಅಂಚಿಗೆ ಸರಿದಾಗ ಮಾಸ್ತರು ಆ ಹುಡುಗಿಯನ್ನು ಬೈಯಲಿಲ್ಲ, ನಾಗವೇಣಿಯನ್ನು ಕಿಟಕಿಯ ಹತ್ತಿರ ಕೂರಿಸಿದರು. ಮನೆಗೆ ಬಂದು ಅತ್ತಾಗ ಅಮ್ಮ ಏನೂ ಅನ್ನಲಿಲ್ಲ, ನಿಂಬೆಹಣ್ಣು ಕೊಯ್ದು ಮಗಳ ಅಂಗೈಗೆ ತಿಕ್ಕಿದಳು. ಮೀನು ಮುಟ್ಟಿರದ ಅಂಗೈ ಅದು. ಮುಟ್ಟಲು ಅಮ್ಮ ಬಿಟ್ಟವಳೇ ಅಲ್ಲ.

"ಬಂತು ಬಂತು! ಹಿಡೀರಿ ಮಾರಾಯ್ರೆ!" ಪಾಸ್ಕಲ್ ಕೂಗಿದ. ಕೋಲೊಂದು ಬಿಲ್ಲಿನಂತೆ ಬಾಗಿತ್ತು. ಸರದಿ ರಮಾಕಾಂತನದು. ಅವನು ಎದ್ದು, ಕಾಲು ಅಗಲಿಸಿ ನಿಂತು, ದಾರದ ರಾಟೆ ಸುತ್ತಿ ಸುತ್ತಿ ಕೊನೆಗೆ ಒಂದು ಟ್ರೌಟನ್ನು ಮೇಲೆಳೆದ. ಮೈತುಂಬ ಚುಕ್ಕೆ, ಮಗ್ಗುಲಿಗೆ ಗುಲಾಬಿಯ ಪಟ್ಟೆ. ಗಾಳ ಮೇಲುದವಡೆಯನ್ನು ತೂತು ಮಾಡಿ ಕಣ್ಣಿನ ಹತ್ತಿರ ಹೊರಬಂದಿತ್ತು. ಪಾಸ್ಕಲ್ ಇಕ್ಕಳದಿಂದ ಬಿಡಿಸುವಾಗ ಮೀನು ಒದ್ದಾಡಿದ ರಭಸಕ್ಕೆ ನಾಲ್ಕು ಹನಿ ರಕ್ತ ಕಸ್ತೂರಮ್ಮನ ಸೀರೆಯ ಮೇಲೆ ಬಿತ್ತು. ರಮಾಕಾಂತ್ ಅದನ್ನು ಎದೆಗೆ ಹಿಡಿದು ನಿಂತ. ಹೆಂಡತಿ ಫೋಟೋ ತೆಗೆದಳು. ಇನ್ನೊಂದು ತೆಗಿ, ಕಣ್ಣು ಮುಚ್ಚಿಬಿಟ್ಟೆ ಅಂದ. ಅಷ್ಟು ಹೊತ್ತೂ ಮೀನು ಗಾಳಿಯನ್ನು ನೀರೆಂದುಕೊಂಡು ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಆಮೇಲೆ ನೀರಿಗೆ ಹಾಕಿದ.

"ಕ್ಯಾಚ್ ಆ್ಯಂಡ್ ರಿಲೀಸ್" ಅಂದ ಕೈ ಒರೆಸಿಕೊಳ್ಳುತ್ತಾ. "ಹಿಡಿಯೋದು, ಬಿಡೋದು. ತಿನ್ನಲ್ಲ, ಕೊಲ್ಲಲ್ಲ. ಪಾಪ ಅಂಟಲ್ಲ ನೋಡಿ ಆಂಟಿ."

ಮೀನು ಒಂದಷ್ಟು ದೂರ ಮಗ್ಗುಲಾಗಿ ತೇಲಿ, ಹೊಟ್ಟೆಯ ಬಿಳಿ ತೋರಿಸಿ, ಮತ್ತೆ ಕಾಣಲಿಲ್ಲ. ಜಯಲಕ್ಷ್ಮಿ ಒದ್ದೆ ಟಿಶ್ಯೂ ತೆಗೆದು ಕಸ್ತೂರಮ್ಮನ ಸೀರೆ ಒರೆಸಲು ಬಂದಳು. "ಅಯ್ಯೋ ಪಾಪ, ಆಂಟಿಗೆ ಇದೆಲ್ಲ ನೋಡಿ ಅಭ್ಯಾಸ ಇಲ್ಲ. ಹೊಟ್ಟೆ ತೊಳಸ್ತಿದ್ಯಾ ಆಂಟಿ?"

"ಹೌದಮ್ಮ" ಅಂದಳು ಕಸ್ತೂರಮ್ಮ, ಮುಖ ಆಚೆ ತಿರುಗಿಸಿ. "ನೋಡಕ್ಕಾಗಲ್ಲ. ನಮ್ಮನೇಲಿ ಮೊಟ್ಟೆ ಕೂಡ ತರಲ್ಲ."

ನಾಗವೇಣಿ ಬೆಚ್ಚಿದಳು. ಮೊಟ್ಟೆಯ ಮಾತನ್ನು ಅವಳು ಹೇಳಿಕೊಟ್ಟಿರಲಿಲ್ಲ. ಆ ಧಾಟಿಯನ್ನೂ ಹೇಳಿಕೊಟ್ಟಿರಲಿಲ್ಲ. 'ಅದೆ', 'ಕನವ್ವ', 'ಹಂಗೇಯ' ಎಲ್ಲವನ್ನೂ ದಡದಲ್ಲೇ ಇಳಿಸಿ ಬಂದವಳಂತೆ ಅಮ್ಮ ಅವರದೇ ಕನ್ನಡದಲ್ಲಿ, ಅವರದೇ ಮೆತ್ತಗಿನ ರಾಗದಲ್ಲಿ ಆಡುತ್ತಿದ್ದಳು. ಎಲ್ಲಿ ಕಲಿತಳು? ಯಾರ ಜಗುಲಿಯ ಕೆಳಗೆ, ಯಾವ ಬಾಗಿಲಿನಿಂದ ಎಷ್ಟು ದೂರ ನಿಂತು? ಇಷ್ಟು ಹೊತ್ತು ಅಮ್ಮ ತಪ್ಪುತ್ತಾಳೆಂದು ಹೆದರಿದ್ದವಳಿಗೆ, ಅಮ್ಮ ತಪ್ಪುವುದೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿ ಬಂದು ಕೂತಿತು.

ಪಾಸ್ಕಲ್ ದೋಣಿ ತಿರುಗಿಸುತ್ತಾ ಮಾತು ತೆಗೆದ. "ಇಲ್ಲಿಯ ಸಾಲ್ಮನ್ ಉಂಟಲ್ಲ, ಅವಕ್ಕೆ ಸಮುದ್ರವೇ ಗೊತ್ತಿಲ್ಲ. ತೊಟ್ಟಿಯಲ್ಲಿ ಮರಿ ಮಾಡಿ ಲಾರಿಯಲ್ಲಿ ತಂದು ಸುರಿಯುವುದು. ಹೊಳೆ ಇಲ್ಲ, ವಾಪಸ್ ಹೋಗ್ಲಿಕ್ಕೆ ದಾರಿ ಇಲ್ಲ. ಆದ್ರೂ ತಿಂದು ದಪ್ಪ ಆಗ್ತವೆ, ನಮ್ಮ ಹಾಗೆ." ಅವನೇ ಜೋರಾಗಿ ನಕ್ಕ. ಆಮೇಲೆ ಕಸ್ತೂರಮ್ಮನ ಕಡೆ ತಿರುಗಿ, "ನಿಮಗೆ ಯಾವೂರಮ್ಮ?"

"ಮೈಸೂರು."

"ಮೈಸೂರಲ್ಲಿ ಎಲ್ಲಿ?"

"ಮೈಸೂರೇ" ಅಂದುಬಿಟ್ಟಳು ನಾಗವೇಣಿ, ಅವಸರದಲ್ಲಿ, ಬಾಗಿಲು ದೂಡಿ ಮುಚ್ಚಿದ ಹಾಗೆ. ಪಾಸ್ಕಲ್ ಒಂದು ಕ್ಷಣ ಅವಳನ್ನು ನೋಡಿ, ಸರಿ ಎಂಬಂತೆ ಭುಜ ಕುಣಿಸಿ ಎಂಜಿನ್ನಿನ ಕಡೆ ತಿರುಗಿದ. ಮುಚ್ಚಿದ್ದು ಅವನ ಮುಖಕ್ಕಲ್ಲ, ಅಮ್ಮನ ಮುಖಕ್ಕೆ ಎಂದು ಅವಳಿಗೆ ಗೊತ್ತಾಯಿತು.

ಮೈಸೂರು ಎಂಬ ಶಬ್ದ ಕೇಳಿ ರಮಾಕಾಂತನಿಗೆ ಹುರುಪು ಬಂದಿತ್ತು. ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು ಶುರು ಮಾಡಿದ. "ಮೀನು ಅಂದ್ರೆ ನೆನಪಾಯ್ತು ಆಂಟಿ. ಮೈಸೂರಲ್ಲಿ ನಮ್ ಬೀದೀಲಿ ಒಬ್ಳು ಬರ್ತಿದ್ಲು, ಮೀನಿನವಳು. ನಮ್ ಬೀದಿ ಅವಳಿಗೆ ಶಾರ್ಟ್‌ಕಟ್. ಅವಳು ಬಂದ್ಲು ಅಂದ್ರೆ ನಮ್ಮಜ್ಜಿ ಕೊಡ ಎತ್ಕೊಂಡು ಹೊರಗೆ! ಅವಳು ಮುಂದ್ ಮುಂದೆ, ಅಜ್ಜಿ ಹಿಂದ್ ಹಿಂದೆ ನೀರು ಹಾಕ್ಕೊಂಡು. ಅಜ್ಜಿಗೆ ಸೊಂಟನೋವು, ಬಗ್ಗಕ್ಕಾಗಲ್ಲ, ಆದ್ರೂ ಬೀದಿ ಕೊನೆವರೆಗೂ ಬಿಡ್ತಿರ್ಲಿಲ್ಲ. ನಾವ್ ಹುಡುಗ್ರು ಚಪ್ಪಾಳೆ ತಟ್ಕೊಂಡು ಹಿಂದೆ. ಫುಲ್ ಕಾಮಿಡಿ!"

ಜಯಲಕ್ಷ್ಮಿ "ಸಾಕು ರೀ" ಎನ್ನುತ್ತಲೇ ನಕ್ಕಳು. ಅವಳಿಗಿಂತ ಜೋರಾಗಿ, ಅವಳಿಗಿಂತ ಮುಂಚೆ ಕಸ್ತೂರಮ್ಮ ನಕ್ಕಿದ್ದಳು. ಎಲ್ಲಿ ನಗಬೇಕೋ ಅಲ್ಲೇ, ಎಷ್ಟು ನಗಬೇಕೋ ಅಷ್ಟೇ. ನಕ್ಕು, ಸೆರಗಿನ ಚುಂಗು ಮೂಗಿಗೆ ಹಿಡಿದು, "ಮತ್ತೆ? ಹಾಕ್ದೆ ಇರಕ್ಕಾಗತ್ತಾ, ಆ ನಾತಕ್ಕೆ!" ಅಂದಳು.

ನಾಗವೇಣಿ ಆ ಸೆರಗನ್ನು ನೋಡಿದಳು. ಬೇಸಿಗೆಯ ಮಧ್ಯಾಹ್ನ, ಬಾಗಿಲ ಹೊರಗೆ ಬುಟ್ಟಿ ಇಳಿಸಿ, ಸಿಂಬಿ ಬಿಚ್ಚಿ, ನೆತ್ತಿಯಿಂದ ಇಳಿದ ಮೀನಿನ ನೀರನ್ನು ಅಮ್ಮ ಒರೆಸಿಕೊಳ್ಳುತ್ತಿದ್ದದ್ದು ಇಂಥದೇ ಚುಂಗಿನಲ್ಲಿ. ಆ ನೀರು ಹುಬ್ಬಿನ ಮೇಲೆ ಒಣಗಿ ಉಪ್ಪಾಗಿರುತ್ತಿತ್ತು. ಆ ಉಪ್ಪಿನಿಂದ ಬಂದ ಪುಸ್ತಕ, ಆ ಉಪ್ಪಿನಿಂದ ಬಂದ ಹಾಸ್ಟೆಲು, ಈ ದೇಶ, ಈ ಬೆಚ್ಚಗಿನ ಜಾಕೆಟ್ಟು. ಈಗ ಅಮ್ಮ ತನ್ನ ಬೆನ್ನ ಹಿಂದೆ ತಾನೇ ಕೊಡ ಹಿಡಿದು ನಡೆಯುತ್ತಿದ್ದಾಳೆ. ಮಗಳು ಕೇಳಿದಳೆಂದು. ಮಗಳ ಮರ್ಯಾದೆ ಉಳಿಯಲೆಂದು. ಯಾವ ಮರ್ಯಾದೆ? ಯಾರ ಮನೆಯಲ್ಲಿ ಕೊಟ್ಟ ಮರ್ಯಾದೆ? ಬಾಯಲ್ಲಿ ಗಾಳ ಸಿಕ್ಕಿಸಿ, ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡು, ಬಿಟ್ಟೆನಲ್ಲ, ಪಾಪ ಅಂಟಲಿಲ್ಲವಲ್ಲ ಎಂದು ಕೈ ಒರೆಸಿಕೊಳ್ಳುವವರ ಮರ್ಯಾದೆ.

"ರಮಾಕಾಂತ್" ಅಂದಳು. ತನ್ನ ಧ್ವನಿ ಇಷ್ಟು ಸಪಾಟಾಗಿ ಇರಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. "ಆ ಮೀನಿನವಳು ನಮ್ಮಮ್ಮ."

"ಅಂದ್ರೆ?"

"ನಿಮ್ ಬೀದೀಲಿ ಬರ್ತಿದ್ದೋಳು ಇವಳೋ, ಇವಳ ಓರಗಿತ್ತಿಯೋ, ಗೊತ್ತಿಲ್ಲ. ನಮ್ಮಮ್ಮ ಮೈಸೂರಲ್ಲಿ ಬುಟ್ಟಿ ಹೊತ್ಕೊಂಡು ಮೀನು ಮಾರ್ತಿದ್ಲು. ನಾವು ಬೆಸ್ತರು. ನಾನು ಇಂಜಿನಿಯರ್ ಆಗಿದ್ದು ಆ ಮೀನಲ್ಲಿ. ನಾನು ಮೀನು ತಿಂತೀನಿ. ಕಿಟಕಿ ಮುಚ್ಕೊಂಡು, ಅಗರಬತ್ತಿ ಹಚ್ಕೊಂಡು ತಿಂತೀನಿ, ನಿಮ್ ಕಾರು ನಮ್ ರಸ್ತೇಲಿ ಬಂದ್ರೆ ಅಂತ."

ಜಯಲಕ್ಷ್ಮಿ ಮೊದಲು ಚೇತರಿಸಿಕೊಂಡಳು. "ಅಯ್ಯೋ, ಅದಕ್ಕೇನೀಗ ನಾಗವೇಣಿ? ನಾವು ಅಂಥದ್ದೆಲ್ಲ ನೋಡಲ್ಲಪ್ಪ. ಮೊದ್ಲೇ ಹೇಳಿದ್ರೆ ಆಗ್ತಿತ್ತು" ಅಂದಳು. ಹೇಳುತ್ತಿದ್ದ ಹಾಗೆಯೇ ಅವಳ ಕೈ, ಅವಳಿಗೇ ತಿಳಿಯದಂತೆ, ಚಕ್ಕುಲಿ ಡಬ್ಬದ ಮುಚ್ಚಳ ಹಾಕಿತು.

"ನಾನ್ ಜೋಕಿಗೆ ಹೇಳಿದ್ದು" ಅಂದ ರಮಾಕಾಂತ್, ಕೆಂಪಗಾಗಿ. "ಕಾಸ್ಟು ಗೀಸ್ಟು ಎಲ್ಲ ಯಾಕೆ ತರ್ತೀರಿ? ಆಸ್ಟ್ರೇಲಿಯಾದಲ್ಲಿದೀವಿ ನಾವು."

"ನಾನು ತರಲಿಲ್ಲ. ನಿಮ್ ಬೀದಿನ ಇಲ್ಲೀವರ್ಗೂ ಸುತ್ಕೊಂಡ್ ತಂದೋರು ನೀವು."

ಹೇಳಿದ ಮೇಲೆ ಎದೆ ಹಗುರವಾಯಿತು. ಆ ಹಗುರದಲ್ಲಿ ಅವಳು ಅಮ್ಮನ ಕಡೆ ತಿರುಗಿದಳು. ಕಣ್ಣು ತುಂಬಿಕೊಂಡಿರಬಹುದು, ಕೈ ಚಾಚಬಹುದು ಎಂದು ಯಾವುದೋ ಆಸೆ. ಕಸ್ತೂರಮ್ಮನ ಮುಖದಲ್ಲಿ ನೀರಿನ ಹನಿ ಇರಲಿಲ್ಲ. ಸಿಟ್ಟಿತ್ತು.

"ನನ್ನ ಒಂದ್ ಮಾತು ಕೇಳಿದ್ಯಾ?" ಅಂದಳು.

"ಅಮ್ಮಾ, ನಾನು ನಿನಗೋಸ್ಕರ..."

"ಬಾಯ್ ಮುಚ್ಕೊ ಅಂದೆ, ಮುಚ್ಕೊಂಡೆ. ಈಗ ನಾಕ್ ಜನರ ಮುಂದೆ ನೀನೇ ತೆಗ್ದೆ. ಮುಚ್ಚೋಕೂ ನೀನೇ, ತೆಗ್ಯೋಕೂ ನೀನೇ. ನಾನೇನ್ ನಿನ್ ಬುಟ್ಟಿನಾ ನಾಗೀ? ನನ್ ಕತೆ ಹೇಳಕ್ಕೆ ನಂಗ್ ಬಾಯಿಲ್ವಾ?" ಊರಿನ ಮಾತು ಪೂರ್ತಿ ವಾಪಸು ಬಂದಿತ್ತು. ಅವಳು ಮಗಳನ್ನು ಬಿಟ್ಟು ರಮಾಕಾಂತನ ಕಡೆ ಇಡೀ ಮೈ ತಿರುಗಿಸಿ ಕೂತಳು. "ನೋಡಿ ಸ್ವಾಮಿ. ನಿಮ್ಮಜ್ಜಿನೋ, ಇನ್ಯಾರಜ್ಜಿನೋ, ನಂಗೊತ್ತಿಲ್ಲ. ಅಂಥ ಬೀದಿ ಬೇಜಾನ್ ಅವೆ. ಬೇಸ್ಗೇಲಿ ಟಾರು ಸುಡೋದು, ಕಾಲಿಗ್ ಚಪ್ಲಿ ಇಲ್ಲ. ಆ ಮುದುಕಿ ಹಾಕಿದ್ ನೀರು ಹಿಮ್ಮಡೀಗೆ ತಣ್ಣಗಾಗೋದು. ನಾನ್ ಬೇಕಂತ್ಲೇ ಮೆಲ್ಲಗ್ ನಡಿಯೋಳು. ಇನ್ನೊಂದ್ ಕೊಡ ತರ್ಲಿ ಅಂತ. ಈಗ್ಲೂ ಹಾಕ್ಬೇಕು ಅನ್ಸಿದ್ರೆ ಹಾಕಿ, ಸುತ್ತಲೂ ನೀರೇ ಅದೆ. ಆದ್ರೆ ಒಂದು. ನಾವ್ ಹೊಟ್ಟೆಗ್ ಹಿಡೀತಿದ್ವಿ. ಆಟಕ್ಕೆ ಯಾವ್ ಜೀವದ್ ಬಾಯೂ ಹರ್ದೋರಲ್ಲ."

ರಮಾಕಾಂತ್ ಏನೋ ಹೇಳಲು ಹೊರಟ. ಆಗಲೇ ಕೋಲೊಂದು ಫಕ್ಕನೆ ಬಾಗಿ ರಾಟೆ ಕಿರುಚತೊಡಗಿತು.

"ದೊಡ್ಡದು, ದೊಡ್ಡದು! ಯಾರ ಸರದಿ?" ಪಾಸ್ಕಲ್ ಕೂಗಿದ. ಯಾರೂ ಏಳಲಿಲ್ಲ. "ಎಂತ ಮಾರಾಯ್ರೆ, ಜಗಳ ಆಮೇಲೆ ಮಾಡಿ, ದಾರ ಕಡೀತದೆ!"

"ನಂದಂತೆ ಸರದಿ" ಅಂದಳು ಕಸ್ತೂರಮ್ಮ, ಕದಲದೆ. "ಇವಳು ಹಿಡೀಲಿ. ನನ್ ಮಾತೆಲ್ಲ ಇವಳೇ ಆಡ್ತಾಳಲ್ಲ."

ನಾಗವೇಣಿ ಎದ್ದಳು. ಹಿಡಿಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಬೆಸ್ತರ ಮನೆಯಲ್ಲಿ ಹುಟ್ಟಿದರೆ ಕೈಗೆ ತಾನಾಗಿ ಬರುತ್ತದೆಂಬ ಯಾವ ಪವಾಡವೂ ನಡೆಯಲಿಲ್ಲ. ಕೋಲಿನ ಬುಡ ಹೊಟ್ಟೆಗೆ ಗುದ್ದಿತು, ದಾರ ಸಡಿಲವಾಯಿತು, ಪಾಸ್ಕಲ್ ಬೈದ. ಆಳದಿಂದ ಒಂದು ಜೀವ ಜಗ್ಗುತ್ತಿತ್ತು, ನೇರವಾಗಿ, ಯಾವ ಉಪಚಾರವೂ ಇಲ್ಲದೆ. ಅಷ್ಟು ಪ್ರಾಮಾಣಿಕವಾಗಿ ಯಾರೂ ತನ್ನನ್ನು ಎದುರಿಸಿ ಬಹಳ ಕಾಲವಾಗಿತ್ತು ಅನ್ನಿಸಿ ಅವಳು ಪಟ್ಟು ಬಿಡದೆ ಸುತ್ತಿದಳು. ಕೊನೆಗೆ ಪಾಸ್ಕಲ್ ಬಲೆಚೀಲ ಹಾಕಿ ಎತ್ತಿದಾಗ ಬೆಳ್ಳಿಯ ತುಂಡಿನಂಥ ಸಾಲ್ಮನ್ ಹಲಗೆಯ ಮೇಲೆ ಬಡಿದಾಡಿತು.

"ಇಡುವುದಾ, ಬಿಡುವುದಾ?"

"ಬಿಡಿ, ಬಿಡಿ. ಎಲ್ಲ ರಿಲೀಸೇ ಅಂತ ಹೇಳಿದ್ನಲ್ಲ" ಎಂದ ರಮಾಕಾಂತ್, ಅಭ್ಯಾಸದಂತೆ, ಎಲ್ಲರ ಪರವಾಗಿ.

"ನಾನು ಹಿಡಿದ ಮೀನು" ಅಂದಳು ನಾಗವೇಣಿ. "ಇಡಿ, ಪಾಸ್ಕಲ್."

ಪಾಸ್ಕಲ್ ಸಣ್ಣ ಮರದ ದೊಣ್ಣೆಯಿಂದ ತಲೆಯ ಮೇಲೆ ಒಂದೇ ಏಟು ಹಾಕಿದ. ಕವನಾ "ಮಮ್! ನೋ!" ಎಂದು ಕಿರುಚಿ ಕಣ್ಣು ಮುಚ್ಚಿಕೊಂಡಳು. ನಾಗವೇಣಿ ಮುಚ್ಚಿಕೊಳ್ಳಲಿಲ್ಲ. ಕೊಂದದ್ದು ತಾನು. ಅದನ್ನು ಆಟವೆಂದು ಕರೆಯುವುದಿಲ್ಲ, ಇನ್ನೇನೆಂದೂ ಕರೆಯುವುದಿಲ್ಲ. ಮೈ ಅದುರುವುದು ನಿಲ್ಲುವವರೆಗೂ ನೋಡಿದಳು.

ದಡದ ಪಾರ್ಕಿನಲ್ಲಿ ಊರಿನವರಿಗೆಲ್ಲ ಬಿಟ್ಟಿಯಾಗಿ ಇಟ್ಟ ಬಾರ್ಬೆಕ್ಯೂ ಒಲೆ, ಇಲ್ಲಿನವರ ಬಾರ್ಬಿ, ಇತ್ತು, ಗುಂಡಿ ಒತ್ತಿದರೆ ಕಾಯುವ ಎರಡು ಕಬ್ಬಿಣದ ತಟ್ಟೆಗಳು. ಜಯಲಕ್ಷ್ಮಿ ಎಂದಿನಂತೆ ಒಂದರ ಮೇಲೆ ಅಲ್ಯುಮಿನಿಯಂ ಹಾಳೆ ಹಾಸಿ, ಅದರ ಮೇಲೆ ಇನ್ನೊಂದು ಹಾಳೆ ಹಾಸಿ, ಅಂಚುಗಳನ್ನು ಮಡಚಿ, ಜೋಳ ಮತ್ತು ಪನೀರು ಇಟ್ಟಿದ್ದಳು. ಸಂಘದ ಪಿಕ್ನಿಕ್ಕಿನಲ್ಲಿ ಆ ಹಾಳೆ ಹಾಸುವ ಕೆಲಸ ಯಾವಾಗಲೂ ನಾಗವೇಣಿಯದು. ಸುಕ್ಕಿಲ್ಲದೆ ಹಾಸುತ್ತಾಳೆಂದು ಹೆಸರು. ಪಾಸ್ಕಲ್ ಮೀನನ್ನು ಸೀಳಿ, ಹೊಟ್ಟೆ ತೆಗೆದು, ಕಾಗದದಲ್ಲಿ ಸುತ್ತಿಕೊಟ್ಟು, "ಉಪ್ಪು ಕಾರ ಸರಿ ಹಾಕಿ" ಎಂದಷ್ಟೇ ಹೇಳಿ ಮುಂದಿನ ಗಿರಾಕಿಗಳ ಕಡೆ ಹೋಗಿದ್ದ. ರಮಾಕಾಂತ್ ಮೇಜಿನ ಹತ್ತಿರ ಕೂತು ಫೋನಿನಲ್ಲಿ ಮುಖ ಹುದುಗಿಸಿದ್ದ. ಕಸ್ತೂರಮ್ಮ ಆ ಮೇಜಿನ ಆಚೆಗೆ, ನೀರಿನ ಹತ್ತಿರದ ಬೆಂಚಿನಲ್ಲಿ, ಎಲ್ಲರಿಗೂ ಬೆನ್ನು ಹಾಕಿ ಕೂತಿದ್ದಳು.

"ತಗೋ ನಾಗವೇಣಿ" ಎಂದು ಜಯಲಕ್ಷ್ಮಿ ಹಾಳೆಯ ಸುರುಳಿ ಚಾಚಿದಳು. ನಿಜವಾದ ಕಾಳಜಿಯೇ ಇತ್ತು ಅವಳ ಕಣ್ಣಲ್ಲಿ, ಅದೇ ಕಷ್ಟ. "ಆ ತಟ್ಟೆ ಮೇಲೆ ಯಾರ್ಯಾರು ಏನೇನ್ ಬೇಯಿಸಿರ್ತಾರೋ."

"ಬೇಡ ಜಯಾ. ಆ ಯಾರ್ಯಾರಲ್ಲಿ ನಾನೂ ಒಬ್ಳು."

ಬರಿಯ ಕಬ್ಬಿಣದ ಮೇಲೆ ಮೀನು ಇಟ್ಟಳು. ಚೊಯ್ಯೆಂದು ಸದ್ದಾಗಿ ಹೊಗೆ ಎದ್ದಿತು. ಚರ್ಮ ಅಂಟಿಕೊಂಡು ಹರಿಯಿತು, ಒಂದು ಅಂಚು ಕರಿದಾಯಿತು. ವಾಸನೆ ಅವಳ ಕೂದಲು, ಜಾಕೆಟ್ಟು, ಉಸಿರು ಎಲ್ಲದರೊಳಗೆ ಹೊಕ್ಕಿತು. ಗಾಳಿ ಅದನ್ನು ಮೇಜಿನ ಕಡೆಗೆ ಒಯ್ದಿತು. ಒಯ್ಯಲಿ ಎಂದುಕೊಂಡಳು. ಸೋಮವಾರ ಕಳೆದು ಆಫೀಸಿದೆ, ರಮಾಕಾಂತನ ಕೋಣೆಯಿದೆ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಇಷ್ಟು ಹೊತ್ತಿಗೆ ಏನು ಓಡಾಡುತ್ತಿದೆಯೋ. ಒಯ್ಯಲಿ.

ಕವನಾ ಅಜ್ಜಿಯ ಬೆಂಚಿನ ತುದಿಗೆ ಹೋಗಿ ಕೂತಿದ್ದಳು. ಅವಳ ಮಾತು ಗಾಳಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಜ್ಜಿ, ಡಿಡ್ ಯೂ ಹ್ಯಾವ್ ಎ ಶಾಪ್?"

"ಅಂಗಡಿ ಗಿಂಗಡಿ ಏನಿಲ್ಲ ಮಗ. ಬೀದೀಲಿ ಕೂಗ್ಕೊಂಡ್ ಹೋಗೋದು."

"ಲೈಕ್, ಶೌಟಿಂಗ್? ಡೂ ಇಟ್, ಅಜ್ಜಿ. ಪ್ಲೀಸ್!"

ನಾಗವೇಣಿಯ ಕೈಯ ಸಟ್ಟುಗ ನಿಂತಿತು. ರಮಾಕಾಂತ್ ಫೋನಿನಿಂದ ತಲೆ ಎತ್ತಿದ. ಜಯಲಕ್ಷ್ಮಿ ಜೋಳ ತಿರುಗಿಸುವುದನ್ನು ಬಿಟ್ಟಳು. ಕಸ್ತೂರಮ್ಮ ನೀರಿನ ಕಡೆಯೇ ನೋಡುತ್ತಾ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಕೂಗಲ್ಲ. ಕೂಗಿದ್ದು ಸಾಕು. ಬೇಕಾದೋರು ಹತ್ರಕ್ ಬರ್ಲಿ."

ಆ ಮಾತು ಯಾರಿಗೆಂದು ನಾಗವೇಣಿಗೆ ಅನುಮಾನವಿರಲಿಲ್ಲ. ಮೀನಿನ ಒಂದು ಮಗ್ಗುಲು ಇನ್ನೂ ಸರಿಯಾಗಿ ಬೆಂದಿರಲಿಲ್ಲ. ಒಡೆದ ತುಂಡುಗಳನ್ನು ಹಾಗೇ ತಟ್ಟೆಗೆ ಹಾಕಿಕೊಂಡು ಹೊರಟಳು. ಬೆಂಚಿಗೆ ಹೋಗುವ ದಾರಿ ರಮಾಕಾಂತನ ಮೊಣಕೈಗೆ ತಾಗುವಷ್ಟು ಹತ್ತಿರ, ಮೇಜಿನ ಪಕ್ಕದಲ್ಲೇ ಇತ್ತು. ಹುಲ್ಲಿನ ಮೇಲೆ ಸುತ್ತಿ ಬಳಸಿ ಹೋಗಬಹುದಿತ್ತು. ಹೋಗಲಿಲ್ಲ.